ಅಳಿವೆಯಲ್ಲಿ ಮೀನಿಲ್ಲ ಎಂದವರು

ಒಂದು ಕಾಡು ಬೆಟ್ಟದಿಂದ ಇಳಿಯುತ್ತ ಇಳಿಯುತ್ತ ಸಮುದ್ರದ ಹತ್ತಿರಕ್ಕೇ ಬಂದು ನಿಂತಿತ್ತು. ಆ ಕಾಡಿನ ಹೊಳೆ ಸಮುದ್ರ ಸೇರುವ ಕಡೆ ಒಂದು ದೊಡ್ಡ ಅಳಿವೆ ಇತ್ತು. ಅರ್ಧ ಸಿಹಿನೀರು, ಅರ್ಧ ಉಪ್ಪುನೀರು. ದಡದ ಉದ್ದಕ್ಕೂ ಉಪ್ಪುನೀರಿನಲ್ಲಿ ಬೇರೂರುವ ಕಾಂಡ್ಲಾ ಗಿಡಗಳು, ಅವುಗಳ ಬೇರಿನ ಸಂದಿಯಲ್ಲಿ ನೀರುನಾಯಿಗಳ ಬಿಲಗಳು. ನೀರುನಾಯಿಗಳಿಗೆ ಹಣ್ಣಿನ ಮರ ಇರಲಿಲ್ಲ, ಹುಲ್ಲುಗಾವಲು ಇರಲಿಲ್ಲ. ಇದ್ದದ್ದು ಆ ಅಳಿವೆ ಒಂದೇ. ಹಿಡಿದ ಮೀನಿನಲ್ಲಿ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೇಲಿನ ಕಾಡಿಗೆ ಕೊಡುತ್ತಿದ್ದವು. ಬದಲಿಗೆ ಬಿಲಕ್ಕೆ ಹಾಸಲು ಒಣಹುಲ್ಲು, ಮಳೆಗಾಲಕ್ಕೆ ಗೆಣಸು ತರುತ್ತಿದ್ದವು.

ಅಲ್ಲಿ ಜಟ್ಟಮ್ಮ ಎಂಬ ನೀರುನಾಯಿ ಇದ್ದಳು. ಅವಳ ಗಂಡ ಒಂದು ಗಾಳಿಮಳೆಯಲ್ಲಿ ಸಮುದ್ರದ ಕಡೆ ಹೋದವನು ಮರಳಿ ಬರಲಿಲ್ಲ. ಮರಿಗಳನ್ನು ಅವಳೊಬ್ಬಳೇ ಸಾಕಬೇಕಾಗಿತ್ತು. ಮಾತು ಕಡಿಮೆ, ಕೆಲಸ ಹೆಚ್ಚು, ಮೂಗಿನ ತುದಿಯಲ್ಲೇ ಸಿಟ್ಟು.

ಈ ನೀರುನಾಯಿಗಳಿಗೆ ಒಂದು ಅಭ್ಯಾಸವಿತ್ತು. ಇವತ್ತು ಏನು ಸಿಕ್ಕಿತು ಎಂದು ಯಾರು ಕೇಳಿದರೂ "ಎಂತದೂ ಇಲ್ಲ" ಎನ್ನುವುದು. ಬಾಯಿ ತುಂಬ ಮೀನು ಕಚ್ಚಿಕೊಂಡೇ ಹಾಗೆನ್ನುವವರೂ ಇದ್ದರು. ಇದೆ ಎಂದರೆ ದೃಷ್ಟಿ ತಾಗುತ್ತದೆ ಎಂಬ ಭಯ ಒಂದು. ಎಲ್ಲಿ ಎಂದು ಹೇಳಿಬಿಟ್ಟರೆ ಮಾರನೆಯ ದಿನ ಊರೆಲ್ಲ ಅಲ್ಲೇ ಬಂದು ಬೀಳುತ್ತದೆ ಎಂಬ ಭಯ ಇನ್ನೊಂದು. ಹಾಗಾಗಿ ಪ್ರತಿಯೊಂದು ಮನೆಗೂ ನೀರಿನಡಿಯಲ್ಲಿ ಮೀನು ಸೇರುವ ಒಂದು ಗುಟ್ಟಿನ ಗುಂಡಿ. ಜಟ್ಟಮ್ಮನ ಗುಂಡಿ ಕರಿಬಂಡೆಯ ಹಿಂದೆ ಇತ್ತು. ಅವಳ ತಾಯಿ ಸಾಯುವ ಮುಂಚೆ ತೋರಿಸಿ, ಹೊಟ್ಟೆಯ ಮಕ್ಕಳಿಗಲ್ಲದೆ ಯಾರಿಗೂ ಹೇಳಬೇಡ ಎಂದಿದ್ದಳು. ಜಟ್ಟಮ್ಮ ಗಂಡನಿಗೂ ಹೇಳಿರಲಿಲ್ಲ.

ಅದೇ ಅಳಿವೆಯಲ್ಲಿ ಗೋಯ್ದಣ್ಣ ಎಂಬ ದೊಡ್ಡ ಆಮೆ ಇದ್ದ. ಅವನ ಕಸುಬು ಬೇರೆ. ಮೇಲಿನ ಕಾಡಿನಿಂದ ಮೀನು ಹಿಡಿಯುವ ಆಸೆಗೆ ಬರುವ ಕರಡಿಮರಿ, ಕಾಡುಬೆಕ್ಕು, ಮುಂಗುಸಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ನಡುನೀರಿಗೆ ಕರೆದೊಯ್ಯುತ್ತಿದ್ದ. ಅವರು ಸಂಜೆಯವರೆಗೆ ಅಲ್ಲಿ ಮೀನು ಹಿಡಿದು, ಇಳಿಯುವಾಗ ಅವನಿಗೆ ಹಣ್ಣುಹಂಪಲು ಕೊಡುತ್ತಿದ್ದರು. ಗಿರಾಕಿ ಬರಬೇಕಲ್ಲ, ಅದಕ್ಕೆ ಅವನು ನೀರುನಾಯಿಗಳ ಮಾತಿಗೆ ತದ್ವಿರುದ್ಧ ಹೇಳುತ್ತಿದ್ದ. ನನ್ನ ಬೆನ್ನ ಮೇಲೆ ಕೂತರೆ ಸಾಕು, ಮೀನು ತಾನಾಗಿ ಹಾರಿ ಮಡಿಲಿಗೆ ಬೀಳುತ್ತದೆ ಎನ್ನುವನು. ಪರ ಊರಿನವರನ್ನು ಕರೆತರುತ್ತಾನೆಂದು ನೀರುನಾಯಿಗಳಿಗೆ ಅವನ ಮೇಲೆ ಸಿಟ್ಟು. ಮೀನನ್ನೆಲ್ಲ ಬಳಿದು ಹಾಕುತ್ತಾರೆಂದು ಅವನಿಗೆ ನೀರುನಾಯಿಗಳ ಮೇಲೆ ಸಿಟ್ಟು. ಎದುರೆದುರು ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಳಿವೆಯಲ್ಲಿ ಕಾಣೆ ಎಂಬ ಜಾತಿಯ ಮೀನು ನಿಜಕ್ಕೂ ಕಡಿಮೆಯಾಯಿತು. ಮಿಕ್ಕ ಮೀನೆಲ್ಲ ಇದ್ದವು, ಆದರೆ ಸುದ್ದಿ ಬೆಟ್ಟ ಹತ್ತುವಷ್ಟರಲ್ಲಿ ಅಳಿವೆಯೇ ಬರಿದಾಯಿತಂತೆ ಎಂದಾಗಿತ್ತು. ಕಾಡಿನ ಅರಸನಾದ ಆನೆರಾಯ ಇದನ್ನು ಕೇಳಿ ಚಿಂತೆಗೆ ಬಿದ್ದ. ಅವನು ಕೆಟ್ಟವನಲ್ಲ. ಆದರೆ ಹುಟ್ಟಿದಾಗಿನಿಂದ ಸೊಪ್ಪು ತಿಂದು ಬೆಳೆದವನು, ಜೀವಂತ ಮೀನನ್ನು ಹತ್ತಿರದಿಂದ ನೋಡಿದವನೇ ಅಲ್ಲ. ನಿಜ ಏನೆಂದು ವಿಚಾರಿಸಿಕೊಂಡು ಬಾ ಎಂದು ಶಾಂತಚಿತ್ತ ಎಂಬ ಹೆಜ್ಜಾರ್ಲೆಯನ್ನು ಕಳಿಸಿದ.

ಹೆಜ್ಜಾರ್ಲೆ ಎಂದರೆ ಗಂಟಲಲ್ಲೇ ಚೀಲ ಇಟ್ಟುಕೊಂಡು ಹುಟ್ಟಿದ ಹಕ್ಕಿ. ಶಾಂತಚಿತ್ತ ನಯವಾಗಿ ಮಾತಾಡುವವನು. ಅಳಿವೆಯ ಪಕ್ಕದಲ್ಲೇ ಬೆಳೆದಿದ್ದರಿಂದ ಅಲ್ಲಿಯವರ ಅಭ್ಯಾಸವೆಲ್ಲ ಅವನಿಗೆ ಗೊತ್ತು. ಅರಸನ ಹೆಸರನ್ನು ಅವನು ಎತ್ತಲಿಲ್ಲ. ದಡದಲ್ಲಿ ಸುಮ್ಮನೆ ಅಡ್ಡಾಡುತ್ತ, ಎಂತ ಸಿಕ್ತು ಇವತ್ತು ಎಂದು ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ಎಂದಿನಂತೆ ಎಂತದೂ ಇಲ್ಲ ಎಂದರು. ಜಟ್ಟಮ್ಮನೂ ಹಾಗೇ ಹೇಳಿ ತಿರುಗಿಯೂ ನೋಡದೆ ಹೋದಳು. ಗೋಯ್ದಣ್ಣ ಮಾತ್ರ ಮಡಿಲಿಗೆ ಹಾರುವ ಮೀನಿನ ತನ್ನ ಕಥೆ ಹೇಳಿದ.

ಶಾಂತಚಿತ್ತ ಅರಸನ ಸಭೆಗೆ ಮರಳಿ, ತಾನು ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದ. ಒಂದು ಮಾತೂ ಸೇರಿಸಲಿಲ್ಲ, ಒಂದು ಮಾತೂ ಬಿಡಲಿಲ್ಲ. ಆಮೆಯ ಮಾತು ಕೇಳಿ ಸಭೆ ನಕ್ಕಿತು. ನೀರುನಾಯಿಗಳ ಮಾತು ಕೇಳಿ ಸಭೆಯ ಮುಖ ಸಣ್ಣದಾಯಿತು. ಕೊನೆಗೆ ಅವನು ತನ್ನದೊಂದು ಮಾತು ಆಡಿದ.

"ಪ್ರಭು, ನಾನೂ ಅದೇ ನೀರಿನವನು. ಅಲ್ಲಿ ಮೀನಿಲ್ಲ. ಇನ್ನು ಯಾರನ್ನೂ ಇಳಿಯಲು ಬಿಡಬೇಡಿ. ಕಾಡಿನ ಒಳ್ಳೆಯದಕ್ಕಾಗಿ ನಾನು ಉಪವಾಸವಿದ್ದಾದರೂ ಅದನ್ನು ಕಾಯುತ್ತೇನೆ."

ಆನೆರಾಯನ ಕಣ್ಣು ತುಂಬಿ ಬಂತು. ಮುಂದಿನ ಅಪ್ಪಣೆಯವರೆಗೆ ಅಳಿವೆಗೆ ಯಾರೂ ಇಳಿಯಕೂಡದು ಎಂದು ಡಂಗುರ ಹೊಡೆಸಿದ. ದಡದ ಮೇಲೆ ಕಾಡುಕೋಣಗಳು ಕಾವಲು ನಿಂತವು. ನೀರಿನ ಕಾವಲು ಶಾಂತಚಿತ್ತನಿಗೆ ಸಿಕ್ಕಿತು.

ಅಂದಿನಿಂದ ಕಾಂಡ್ಲಾ ಬೇರಿನ ಬಿಲಗಳಲ್ಲಿ ಹಸಿವು ಬಂದು ಕೂತಿತು. ನೀರುನಾಯಿಗಳು ಮೇಲಿನ ಹೊಳೆಗೆ ಹೋಗಿ ನೋಡಿದವು. ಅಲ್ಲಿ ಬರೀ ಕಲ್ಲು, ಪಾದ ಮುಳುಗದಷ್ಟು ನೀರು. ಕಪ್ಪೆ, ಏಡಿ ಹುಡುಕಿ ತಿಂದವು. ಅದೂ ಮುಗಿಯಿತು. ಕೊಡಲು ಮೀನಿಲ್ಲದ ಮೇಲೆ ಮೇಲಿನ ಕಾಡಿನವರು ಗೆಣಸು ಕೊಡುವುದನ್ನು ನಿಲ್ಲಿಸಿದರು. ಗೋಯ್ದಣ್ಣನ ಬೆನ್ನ ಮೇಲೆ ಕೂರಲು ಯಾರೂ ಬರಲಿಲ್ಲ. ಅವನು ಮರಳಿನಲ್ಲಿ ತಲೆ ಒಳಗೆಳೆದುಕೊಂಡು ಬಿದ್ದುಕೊಂಡ.

ಹೆಜ್ಜಾರ್ಲೆಗಳು ಮಾತ್ರ ದಿನೇ ದಿನೇ ದಪ್ಪಗಾದವು. ಶಾಂತಚಿತ್ತ ತನ್ನ ನೆಂಟರನ್ನೆಲ್ಲ ಕರೆಸಿಕೊಂಡಿದ್ದ. ಕಾಡುಕೋಣಗಳ ಕಣ್ಣಿಗೆ ಬೀಳದ ಮೂಲೆಗಳಲ್ಲಿ ಅವು ಸಾಲಾಗಿ ಈಜಿ ಮೀನು ಬಾಚುತ್ತಿದ್ದವು. ಜಟ್ಟಮ್ಮ ಬೇರಿನ ಸಂದಿಯಿಂದ ಇದನ್ನು ನೋಡಿದಳು. ಕೂಗಾಡಿ ಕಾವಲಿನವರಿಗೆ ಹೇಳಿದಳು. ಕಾಡುಕೋಣ ಒಂದೇ ಮಾತು ಕೇಳಿತು: ಮೀನಿಲ್ಲ ಎಂದು ನೀವೇ ಹೇಳಿದ್ದಲ್ಲವೇ?

ಒಂದು ಬೆಳಿಗ್ಗೆ ಪಕ್ಕದ ಬಿಲದ ನಾಗಿಯ ಮರಿ ಎದ್ದೇಳಲಿಲ್ಲ. ನಾಗಿ ಅದನ್ನು ಸಂಜೆಯವರೆಗೂ ನೆಕ್ಕುತ್ತ ಕೂತಿದ್ದಳು. ಜಟ್ಟಮ್ಮ ತನ್ನ ಬಿಲಕ್ಕೆ ಬಂದು ಕಿರಿಯ ಮರಿಯನ್ನು ಮುಟ್ಟಿ ನೋಡಿದಳು. ಅದು ಅಳುವುದನ್ನೂ ಬಿಟ್ಟಿತ್ತು.

ಮಾರನೆಯ ದಿನ ನೀರುನಾಯಿಗಳೆಲ್ಲ ಸೇರಿ ಸಭೆಗೆ ಹೊರಟವು. ಎಲ್ಲರಿಗಿಂತ ಹಿರಿಯನಾದ ಕುಪ್ಪಯ್ಯ ಮುಂದೆ. ಜಟ್ಟಮ್ಮ ಕಿರಿಯ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದೆ. ಗೋಯ್ದಣ್ಣನೂ ಬಂದ, ಅವರಿಂದ ಒಂದಷ್ಟು ದೂರ ಬಿಟ್ಟುಕೊಂಡು, ಗುರುತಿಲ್ಲದವನ ಹಾಗೆ.

ಕುಪ್ಪಯ್ಯ ಕೈಮುಗಿದು, ಅಳಿವೆಯಲ್ಲಿ ಬೇಕಾದಷ್ಟು ಮೀನಿದೆ, ನಮ್ಮ ನೀರು ನಮಗೆ ಬಿಟ್ಟುಕೊಡಿ ಎಂದು ಕೇಳಿಕೊಂಡ. ಹಾಗಾದರೆ ಮೊದಲು ಇಲ್ಲ ಎಂದಿದ್ದೇಕೆ ಎಂದು ಆನೆರಾಯ ಕೇಳಿದ. ಕುಪ್ಪಯ್ಯ ತಲೆ ಕೆರೆದುಕೊಂಡ. ಇದೆ ಎನ್ನುವುದಾದರೆ ಎಲ್ಲಿದೆ ಹೇಳು ಎಂದು ಆನೆರಾಯ ಮತ್ತೆ ಕೇಳಿದ. ಕುಪ್ಪಯ್ಯ ಬಾಯಿ ತೆರೆದ. ಅಕ್ಕಪಕ್ಕ ನಿಂತ ತನ್ನವರನ್ನು ನೋಡಿದ. ಎಲ್ಲರ ಕಿವಿಗಳೂ ನೆಟ್ಟಗಾಗಿದ್ದವು. ಅವನು ಬಾಯಿ ಮುಚ್ಚಿಕೊಂಡ.

ಪಕ್ಕದ ಕೊಂಬೆಯ ಮೇಲಿದ್ದ ಶಾಂತಚಿತ್ತ, ಪಾಪ, ಹಸಿವಿನಿಂದ ಏನೇನೋ ಹೇಳುತ್ತಾರೆ ಎಂದು ಮೆಲ್ಲಗೆ ನಿಟ್ಟುಸಿರುಬಿಟ್ಟ. ಆನೆರಾಯ ಎದ್ದು ನಿಂತ. ಸಭೆ ಮುಗಿಯುವುದರಲ್ಲಿತ್ತು.

ತಾಯಿಗೆ ಕೊಟ್ಟ ಮಾತು ಜಟ್ಟಮ್ಮನಿಗೆ ಅಡ್ಡ ನಿಂತಿತ್ತು. ಹೇಳಿದರೆ ಮಕ್ಕಳಿಗೆ ಬಿಟ್ಟುಹೋಗಲು ಇದ್ದ ಒಂದೇ ಆಸ್ತಿಯೂ ಹೋಗುತ್ತದೆ. ಹೇಳದಿದ್ದರೆ ಮಕ್ಕಳೇ ಉಳಿಯುವುದಿಲ್ಲ. ಅವಳು ಮರಿಯನ್ನು ನೆಲದ ಮೇಲಿಟ್ಟು ಮುಂದೆ ಬಂದಳು.

"ಒಡೆಯಾ, ನಾವು ಸುಳ್ಳು ಹೇಳಿದ್ದು ಹೌದು. ಮೀನು ಸಿಕ್ಕಿದ ದಿನವೂ ಇಲ್ಲ ಅಂತಲೇ ಹೇಳುದು ನಮ್ಮ ಚಾಳಿ. ನನ್ನ ಗುಂಡಿ ಕರಿಬಂಡೆಯ ಹಿಂದೆ ಉಂಟು, ನೀರಿಳಿದಾಗ ಕಾಣುವ ಬಗ್ಗಿದ ಕಾಂಡ್ಲಾ ಗಿಡದ ಬುಡದಲ್ಲಿ. ಅಲ್ಲಿ ಕೆಂಬೇರಿ ಮೀನು ಉಂಟು, ಸಿಗಡಿ ಉಂಟು. ಕಾಣೆ ಮಾತ್ರ ಕಮ್ಮಿ ಆಗಿದೆ, ಅದು ಸುಳ್ಳಲ್ಲ. ಅದು ಮರಿ ಮಾಡುವವರೆಗೆ ನಾವದನ್ನು ಮುಟ್ಟುದಿಲ್ಲ. ಉಳಿದದ್ದನ್ನಾದರೂ ಹಿಡಿಯಲಿಕ್ಕೆ ಬಿಡಿ. ನಿಮ್ಮ ಕಣ್ಣಲ್ಲೇ ಬಂದು ನೋಡಿ."

ಆನೆರಾಯ ಅವಳನ್ನೇ ನೋಡಿದ. ಒಂದು ಗುಂಡಿಯ ಮಾತು ಕೇಳಿ ಇಡೀ ಅಳಿವೆಯನ್ನು ಹೇಗೆ ಬಿಡಲಿ ಎಂದು ಕೇಳಿದ. ಜಟ್ಟಮ್ಮ ಹಿಂದೆ ತಿರುಗಿದಳು. ಅವಳ ಜನವೆಲ್ಲ ನೆಲ ನೋಡುತ್ತಿತ್ತು. ತಾನು ಮನೆಯ ಬಾಗಿಲು ತೆಗೆದಿಟ್ಟು ಬೀದಿಯಲ್ಲಿ ಒಬ್ಬಳೇ ನಿಂತ ಹಾಗೆ ಅವಳಿಗೆ ಅನಿಸಿತು.

ಆಗ ದೂರದಿಂದ ಗೋಯ್ದಣ್ಣ ತೆವಳುತ್ತ ಬಂದ. ಮಡಿಲಿಗೆ ಮೀನು ಹಾರುತ್ತದೆ ಎಂದದ್ದು ಬರೀ ಬೊಗಳೆ ಎಂದು ಎಲ್ಲರೆದುರು ಒಪ್ಪಿಕೊಂಡ. ಗಿರಾಕಿಗಳು ಬರಿಗೈಯಲ್ಲಿ ಮರಳಿದ ದಿನಗಳೂ ಇವೆ ಎಂದ. ಯಾವ ಬಂಡೆಯ ಹತ್ತಿರ ಎಷ್ಟು ಸಿಗುತ್ತದೆ, ಎಲ್ಲಿ ಸಿಗುವುದೇ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನು ಹೇಳಿ ಮುಗಿಸುವ ಮುಂಚೆಯೇ ನಾಗಿ ತನ್ನ ಗುಂಡಿ ಎಲ್ಲಿದೆಯೆಂದು ಹೇಳಿದಳು. ಮುದುಕ ಕುಪ್ಪಯ್ಯನಿಗೆ ನಾಚಿಕೆಯಾಯಿತು, ಅವನೂ ಹೇಳಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು.

ನಾನೇ ಬಂದು ನೋಡುತ್ತೇನೆ ಎಂದ ಆನೆರಾಯ. ಅಲ್ಲಿ ಕೆಸರಿದೆ, ತಮ್ಮ ಕಾಲು ಹೂತುಹೋದೀತು ಎಂದು ಶಾಂತಚಿತ್ತ ಗಾಬರಿಯಿಂದ ತಡೆದ. ಅರಸ ಕೇಳಲಿಲ್ಲ. ಹಾಗಾದರೆ ದಾರಿ ನೋಡಿಟ್ಟಿರುತ್ತೇನೆ ಎಂದು ಹೇಳಿ ಹೆಜ್ಜಾರ್ಲೆ ಮುಂದಾಗಿ ಹಾರಿಹೋದ.

ಆನೆ ಬೆಟ್ಟ ಇಳಿದು ಬರುವುದೆಂದರೆ ಹೊತ್ತು ಹಿಡಿಯುವ ಕೆಲಸ. ಅಷ್ಟರಲ್ಲಿ ಕರಿಬಂಡೆಯ ಗುಂಡಿಯನ್ನು ಬರಿದು ಮಾಡಿಬಿಡಬಹುದು ಎಂಬುದು ಶಾಂತಚಿತ್ತನ ಲೆಕ್ಕ. ಅವನು ನೆಂಟರನ್ನೆಲ್ಲ ಕೂಗಿ ಗುಂಡಿಗೆ ಇಳಿಸಿದ. ಅಷ್ಟು ಮೀನನ್ನು ಒಂದೇ ಕಡೆ ಅವನೂ ಕಂಡಿರಲಿಲ್ಲ. ಅರಸ ಬರುತ್ತಿದ್ದಾನೆ ಎಂಬುದೇ ಮರೆತುಹೋಯಿತು. ನುಂಗಿದ, ಚೀಲ ತುಂಬಿಕೊಂಡ, ಜಾಗವಿಲ್ಲದಿದ್ದರೂ ಮತ್ತೆ ತುಂಬಿಕೊಂಡ. ಆನೆರಾಯ ಬಂಡೆಯ ಬಳಿ ಬಂದು ನಿಂತಾಗ ಹೆಜ್ಜಾರ್ಲೆಗಳು ಹಾರಿಹೋಗಲು ರೆಕ್ಕೆ ಬಡಿದವು. ಮೈಭಾರಕ್ಕೆ ಒಂದೂ ಮೇಲೇಳಲಿಲ್ಲ. ಶಾಂತಚಿತ್ತ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದ. ಮಾತಿಗೆ ಬದಲು ಕೆಂಬೇರಿ ಮೀನೊಂದು ಹೊರಗೆ ಜಾರಿ ನೀರಿಗೆ ಬಿತ್ತು.

ಆನೆರಾಯ ನೀರಿಗಿಳಿದ. ಅಷ್ಟು ಬಾಚಿದ ಮೇಲೂ ಉಳಿದ ಮೀನುಗಳು ಅವನ ಕಂಬದಂಥ ಕಾಲುಗಳಿಗೆ ತಾಗಿ ತಾಗಿ ಓಡಾಡಿದವು. ಅವನು ಶಾಂತಚಿತ್ತನ ಕಡೆ ತಿರುಗಿದ. ಅರಸನ ಮುಖದಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

"ಇಲ್ಲಿ ಮೀನಿಲ್ಲ ಎಂದು ನನ್ನೆದುರು ನೀನು ಹೇಳಿದೆ. ಆ ಮಾತನ್ನು ನಾನು ನಡೆಸುತ್ತೇನೆ. ಇಂದಿನಿಂದ ನಿನಗೂ ನಿನ್ನವರಿಗೂ ಈ ಅಳಿವೆಯಲ್ಲಿ ಮೀನಿಲ್ಲ" ಎಂದ.

ಕಾಡುಕೋಣಗಳು ಹೆಜ್ಜಾರ್ಲೆಗಳನ್ನು ಅಟ್ಟಿಕೊಂಡು ಹೋದವು. ಹಾರಲಾಗದೆ ಅವು ಸುಡುವ ಮರಳಿನ ಮೇಲೆ ನಡೆದುಕೊಂಡೇ ಗಡಿ ದಾಟಿದವು. ಆನೆರಾಯ ಅಳಿವೆಯನ್ನು ನೀರುನಾಯಿಗಳಿಗೂ ಗೋಯ್ದಣ್ಣನಿಗೂ ಬಿಟ್ಟುಕೊಟ್ಟ. ಕಾಣೆಮೀನು ಹೆಚ್ಚುವವರೆಗೆ ಅದನ್ನು ಹಿಡಿಯಕೂಡದು, ಅದನ್ನು ಕಾಯುವ ಹೊಣೆ ನಿಮ್ಮದೇ ಎಂದ. ಮುಂದೆ ನೀರಿನ ಸುದ್ದಿ ಬೇಕಾದರೆ ನಾನೇ ಬಂದು ಕೇಳುತ್ತೇನೆ, ಇದ್ದದ್ದನ್ನು ಹೇಳಿ ಎಂದೂ ಹೇಳಿ ಹೋದ.

ಮಾರನೆಯ ಬೆಳಿಗ್ಗೆ ಜಟ್ಟಮ್ಮ ಮರಿಗಳನ್ನು ಕರೆದುಕೊಂಡು ತನ್ನ ಗುಂಡಿಗೆ ಹೋದಳು. ಅಲ್ಲಿ ಆಗಲೇ ಬೇರೆ ನೀರುನಾಯಿಗಳು ಮುಳುಗಿ ಏಳುತ್ತಿದ್ದವು. ಅವಳಿಗೆ ತಾಯಿಯ ಮುಖ ನೆನಪಾಯಿತು. ದಡದಲ್ಲೇ ನಿಂತುಬಿಟ್ಟಳು.

ನೀರಿನಿಂದ ನಾಗಿ ಎದ್ದು ಬಂದಳು. ಬಾಯಲ್ಲಿ ಒಂದು ಮೀನು. ಅವಳಿಗೆ ಈಗ ಉಣಿಸಲು ಮರಿಯಿಲ್ಲ. ಅದನ್ನು ತಂದು ಜಟ್ಟಮ್ಮನ ಕಿರಿಯ ಮರಿಯ ಮುಂದೆ ಇಟ್ಟಳು. ಮುಳ್ಳು ಸಿಕ್ಕೀತೆಂದು ತಾನೇ ಬಿಡಿಸಿ ತಿನ್ನಿಸಿದಳು. ಮರಿ ಮೊದಲು ಮೂಸಿ ನೋಡಿತು, ಆಮೇಲೆ ತಿಂದಿತು.

"ನಾವು ಮೊದಲೇ ಹೇಳಬಹುದಿತ್ತು" ಎಂದಳು ನಾಗಿ.

ಜಟ್ಟಮ್ಮ ಅವಳ ಪಕ್ಕದಲ್ಲಿ ಕೂತಳು. ಮರಿ ತಿಂದು ಮುಗಿಸುವವರೆಗೂ ಇಬ್ಬರೂ ಅಲ್ಲೇ ಇದ್ದರು.

ನೀತಿ: ಒಂದೇ ನೀರನ್ನು ನಂಬಿ ಬದುಕುವವರು ಒಬ್ಬರಿಂದೊಬ್ಬರು ನಿಜವನ್ನು ಬಚ್ಚಿಟ್ಟರೆ, ಆ ಸುಳ್ಳಿನಿಂದಲೇ ಮೋಸಗಾರ ಅವರ ಅನ್ನ ಕಸಿಯುತ್ತಾನೆ. ನಿಜವನ್ನು ಹೊತ್ತಿಗೆ ಸರಿಯಾಗಿ, ಒಟ್ಟಾಗಿ ಹೇಳಬೇಕು.