ಅರಿಶಿನ ಹಚ್ಚಿದ ಅರ್ಜಿ

ಪರೀಕ್ಷಾಧಿಕಾರಿ ವಿರೂಪಾಕ್ಷಯ್ಯನವರದು ಒಂದೇ ಮಾತು: “ಲಕೋಟೆಯನ್ನು ನಾನು ಕೈಯಾರೆ ಒಡೆದು ಮುದ್ರೆ ಒತ್ತಿದ ದಿನವೇ ಅರ್ಜಿ ತಲುಪಿದ ದಿನ.” ಒಡೆಯುವುದು ಮಾತ್ರ ಮನಸ್ಸು ಬಂದಾಗ. ಹೋದ ವರ್ಷ ಹೊಳೆಯಾಚೆಯ ಶಾಲೆಯ ಅರ್ಜಿ ಅವರ ಮೇಜಿನ ಮೇಲೆಯೇ ಮಲಗಿ ಗಡುವು ದಾಟಿತು. ಆ ಊರಿಗೆ ಪರೀಕ್ಷಾ ಕೇಂದ್ರ ಸಿಗಲಿಲ್ಲ. ಮಕ್ಕಳು ದೋಣಿ ಹತ್ತಿ ಪರೀಕ್ಷೆಗೆ ಬರಬೇಕಾಯಿತು.

ಈ ವರ್ಷ ಅದೇ ಶಾಲೆಯ ಗುಮಾಸ್ತೆ ಸುನಂದಮ್ಮ ಅರ್ಜಿಯ ಲಕೋಟೆಯ ನಾಲ್ಕು ಮೂಲೆಗೂ ಮದುವೆಯ ಕರೆಯೋಲೆಯಂತೆ ಅರಿಶಿನ ಹಚ್ಚಿ ಅಂಚೆಗೆ ಹಾಕಿದರು. ಗಡುವಿಗೆ ಎರಡು ದಿನವಿರುವಾಗ, ಟಪಾಲು ಬರುವ ಹೊತ್ತಿಗೆ, ತಾವೂ ಪರೀಕ್ಷಾಧಿಕಾರಿಗಳ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕುಳಿತರು.

ಕಂತೆಯಲ್ಲಿ ಹಳದಿ ಮೂಲೆ ಕಂಡದ್ದೇ ಸಾಹೇಬರ ಮುಖ ಅರಳಿತು. ಉಳಿದದ್ದೆಲ್ಲ ಸರಿಸಿ ಅದನ್ನೇ ಒಡೆದರು. ಓದಿದರು. ಮುಖ ಬಾಡಿತು.

“ಏನಮ್ಮ ಇದು? ಮದುವೆ ಯಾರದು?”

“ಮದುವೆಯಲ್ಲ ಸಾರ್. ಅರವತ್ತು ಮಕ್ಕಳ ಪರೀಕ್ಷೆ. ಅದೂ ಶುಭಕಾರ್ಯವೇ ಅಲ್ಲವೇ? ಕೈಯಾರೆ ಒಡೆದಿದ್ದೀರಿ, ಮುದ್ರೆ ಒತ್ತಿಬಿಡಿ.”

ಕಚೇರಿಯೆಲ್ಲ ಕತ್ತೆತ್ತಿ ನೋಡುತ್ತಿತ್ತು. ಸಾಹೇಬರು ಮೇಜು ಅದುರುವಂತೆ ಮುದ್ರೆ ಒತ್ತಿದರು.

“ಸರಿ, ಊಟ ಎಲ್ಲಿ?”

“ಪರೀಕ್ಷೆ ಮುಗಿಯಲಿ ಸಾರ್,” ಎಂದರು ಸುನಂದಮ್ಮ ಎದ್ದು ನಿಂತು. “ಧಾರೆಗೆ ಮೊದಲು ಯಾರಾದರೂ ಎಲೆ ಹಾಕುತ್ತಾರೆಯೇ?”