ಹನ್ನೊಂದು ಕೆಂಪು ಪಂಚೆಯ ಪರಾಂಬರಿಕೆ

ಹಾಲುಗುಡ್ಡದ ಅರಸ ಚಿಕ್ಕಕೆಂಚ ನಾಯಕನಿಗೆ ಇದ್ದದ್ದು ಒಂದೇ ಜಂಬ. ತನ್ನಷ್ಟು ಬೆಳ್ಳಗಿನ ಪಂಚೆಯನ್ನು ಸುತ್ತಮುತ್ತಲ ಸೀಮೆಯಲ್ಲಿ ಇನ್ಯಾರೂ ಉಡುವುದಿಲ್ಲ ಎಂಬುದು. ಇದ್ದದ್ದು ಹನ್ನೆರಡು ಪಂಚೆ, ಹನ್ನೆರಡೂ ಹಾಲಿನ ಕೆನೆಯ ಹಾಗೆ. ಬೇರೆ ಊರಿನ ದೊರೆಗಳು ಬಂದರೆ ಆನೆ ಕುದುರೆ ತೋರಿಸುವ ಮೊದಲು ಪಂಚೆಯ ಅಂಚು ಎತ್ತಿ ತೋರಿಸುತ್ತಿದ್ದ.

ಒಂದು ಮಳೆಗಾಲ ಮೇಲಿನ ಕೇರಿಯ ಹಳೇ ಚರಂಡಿ ಕಟ್ಟಿಕೊಂಡು, ಮಳೆ ನೀರೂ ಬಚ್ಚಲ ನೀರೂ ಕೂಡಿ ಬೀದಿಗೆ ಬಂತು. ಬಂದದ್ದು ಅರಸನ ಪಂಚೆಯ ಅಂಚಿಗೂ ಹಾರಿತು. ಎಲ್ಲ ಕಿತ್ತು ಕಲ್ಲಿನ ಹೊಸ ಚರಂಡಿ ಹಾಕಿ ಎಂದು ಅವತ್ತೇ ಅಪ್ಪಣೆಯಾಯಿತು. ಕೆಲಸ ಪಾರುಪತ್ಯಗಾರ ಹೊನ್ನಪ್ಪಯ್ಯನ ಪಾಲಿಗೆ ಬಂತು.

ಆ ಊರಲ್ಲಿ ಕಲ್ಲು ಕೂರಿಸುವ ಮೊದಲು ಪರಾಂಬರಿಕೆ ಆಗಬೇಕೆಂಬ ಕಟ್ಟಳೆ ಇತ್ತು. ಅಂದರೆ, ಈ ಕೆಲಸದಿಂದ ನೆಲಕ್ಕೆ, ನೀರಿಗೆ, ಜನಕ್ಕೆ ಏನಾದೀತು ಎಂದು ನಡೆದು ನೋಡಿ ಬರೆದುಕೊಡುವುದು. ಹೊನ್ನಪ್ಪಯ್ಯನಿಗೂ ನಡಿಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎಲೆ ಅಡಿಕೆ ಹಾಕಿಕೊಂಡು ಜಗುಲಿಯಲ್ಲೇ ಕೂತು ಬರೆದ. ಹಳೇ ಚರಂಡಿ ಸುತ್ತಿ ಬಳಸಿ ಬಾಳೆತೋಟಕ್ಕೆ ಹೋಗುತ್ತದೆ, ಹೊಸದು ನೆಟ್ಟಗೆ ಕೆಳಗಿನ ಕೇರಿಯ ಮರಳು ದಿಬ್ಬಕ್ಕೆ ಹೋಗಲಿ. ಬಂದದ್ದನ್ನೆಲ್ಲ ಮರಳು ಕುಡಿಯುತ್ತದೆ, ಪಕ್ಕದ ಕಟ್ಟೆಗೆ ಒಂದು ತೊಟ್ಟೂ ಇಳಿಯದು. ಕೆಳಗೆ ರುಜು ಹಾಕಿ ನಿದ್ದೆಗೆ ಹೋದ.

ಆ ಕಟ್ಟೆ ಮಡಿವಾಳರದ್ದು. ಊರಿನ ಬಟ್ಟೆಯೆಲ್ಲ ಅಲ್ಲೇ ಒಗೆಯಬೇಕು, ಅವರ ಕುಡಿಯುವ ಬಾವಿಯೂ ಅದರ ಮಗ್ಗುಲಲ್ಲೇ. ಅರಸನ ಪಂಚೆ ಒಗೆಯುತ್ತಿದ್ದ ಮಾಚವ್ವ, ಆಸ್ಥಾನದ ವಿದೂಷಕ ಸುಬ್ಬರಸನ ಮನೆಗೆ ಬಂದು, ಆ ಕೊಚ್ಚೆ ಮರಳಿನಡಿಯಿಂದ ಕಟ್ಟೆಗೇ ಇಳಿಯುತ್ತದೆ ಎಂದು ಅಂಗಳದಲ್ಲಿ ನಿಂತು ಅತ್ತಳು. ಸುಬ್ಬರಸ ಇಡೀ ಅರಮನೆಯನ್ನು ಗೇಲಿ ಮಾಡುವವನು, ಆದರೆ ಆ ಮುದುಕಿಯ ಕಣ್ಣೀರು ನೋಡಿ ಗೇಲಿ ಮರೆತು ಎದ್ದು ಹೊರಟ.

ಅವನು ನೇರ ಅರಸನ ಹತ್ತಿರ ಹೋಗಿ ಚರಂಡಿಯ ನೀರು ಕಟ್ಟೆಗೆ ಇಳಿಯುತ್ತದೆ ಎಂದ. ಅರಸನಿಗೆ ಸಿಟ್ಟು ಬಂತು.

“ನಾನು ಈ ಗಾದಿಯಿಂದ ಏಳೋದಿಲ್ಲ, ಆ ಕೊಚ್ಚೆಗೆ ಕಾಲಿಡೋದಿಲ್ಲ. ನೀನೂ ಕೊಳಕು ಅಂತ ಒಂದು ತೊಟ್ಟನ್ನೂ ಇಲ್ಲಿಗೆ ತರಕೂಡದು. ಕೂತಲ್ಲೇ ನನಗೆ ಅದನ್ನ ತೋರಿಸು. ಸೋಮವಾರದೊಳಗೆ ಆಗದಿದ್ದರೆ ಮೊದಲ ಕಲ್ಲು ನಿನ್ನ ತಲೆ ಮೇಲೆ ಬರಬೇಕು.”

ಪಕ್ಕದಲ್ಲೇ ನಿಂತಿದ್ದ ಹೊನ್ನಪ್ಪಯ್ಯ ಕಿಸಕ್ಕನೆ ನಕ್ಕ. ಹೊಸ ಚರಂಡಿಯ ಕಾಲುವೆ ಆಗಲೇ ಅಗೆದು ಮುಗಿದಿತ್ತು, ಕಲ್ಲು ಕೂರುವುದೊಂದೇ ಬಾಕಿ.

ಸುಬ್ಬರಸ ಕೆಳಗಿನ ಕೇರಿಗೆ ಹೋದಾಗ ಮಾಚವ್ವ ಯಾವುದೋ ಮದುವೆ ಮನೆಯ ಪಂಚೆಗೆ ಚೌಳು ಮಣ್ಣು ಹಾಕಿ ಉಜ್ಜುತ್ತ ಗೊಣಗುತ್ತಿದ್ದಳು. ಅರಿಶಿನದ ಕಲೆ ಸುಮ್ಮನಿದ್ದರೆ ಹಳದಿ, ಚೌಳು ತಾಗಿತೋ ರಕ್ತದ ಹಾಗೆ ಕೆಂಪು. ಅದನ್ನು ಕೇಳಿ ಅವನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಭಾನುವಾರ ಅರಸನ ಪಂಚೆಗಳನ್ನು ಎಂದಿನಂತೆ ಚೌಳು ಹಾಕಿ ಈ ಕಟ್ಟೆಯಲ್ಲೇ ಒಗೆ, ಏನೇ ಆದರೂ ಗಂಟು ಕಟ್ಟಿ ಆಸ್ಥಾನಕ್ಕೇ ತಾ ಎಂದ.

ಮಾಚವ್ವನಿಗೆ ಸಂಗತಿ ಹೊಳೆಯಿತು. “ಅರಮನೆ ಕೆಲ್ಸ ಹೋಯ್ತದೆ ಬುದ್ಧಿ,” ಎಂದಳು. ಕಟ್ಟೆಯ ಕಡೆ ಒಮ್ಮೆ ನೋಡಿದಳು. “ಕಟ್ಟೆ ಹೋದ್ರೂ ಹೋಯ್ತದಲ್ಲ. ತತ್ತೀನಿ ಬಿಡಿ.”

ಅಲ್ಲಿಂದ ಸುಬ್ಬರಸ ಹೊನ್ನಪ್ಪಯ್ಯನ ಜಗುಲಿಗೆ ಹೋಗಿ ಸೋತವನಂತೆ ಮುಖ ಮಾಡಿದ. ಇಷ್ಟು ದೊಡ್ಡ ಕೆಲಸಕ್ಕೆ ಪೂಜೆ ಬೇಡವೇ, ಮೇಲಿನ ಕೇರಿಯ ಮನೆಮನೆಯವರೂ ಕೊಡದಲ್ಲಿ ಅರಿಶಿನದ ನೀರು ತಂದು ಕಾಲುವೆಗೆ ಬಿಡಲಿ, ಮೊದಲ ಕೊಡ ತಮ್ಮ ಕೈಯಿಂದಲೇ ಆಗಲಿ ಎಂದ. ಹೊನ್ನಪ್ಪಯ್ಯ ಉಬ್ಬಿಹೋದ. ಭಾನುವಾರ ಬೆಳಗ್ಗೆ ರೇಷ್ಮೆ ಶಲ್ಯ ಹೊದ್ದು ಮೊದಲ ಕೊಡ ಸುರಿದ. ಹಿಂದೆಯೇ ಇನ್ನೂರು ಕೊಡ ಸುರಿದವು.

ಸೋಮವಾರ ಅರಸ ಗಾದಿಯ ಮೇಲೆ ಕೂತು, ಎಲ್ಲಿ ತೋರಿಸು ಎಂದ. ಸುಬ್ಬರಸ ಕೈಕಟ್ಟಿ ನಿಂತ. ಮಾಚವ್ವ ಒಳಗೆ ಬಂದು ಗಂಟು ಬಿಚ್ಚಿದಳು. ಅರಸ ಉಟ್ಟಿದ್ದೊಂದು ಬಿಟ್ಟು ಉಳಿದ ಹನ್ನೊಂದು ಪಂಚೆಯೂ ಕೆಂಪು.

ಅರಸನ ಮುಖ ಪಂಚೆಗಿಂತ ಕೆಂಪಾಯಿತು. ಈ ಮುದುಕಿ ಯಾವುದೋ ಬಣ್ಣದ ಸೀರೆಯ ಜೊತೆ ನೆನೆಹಾಕಿದ್ದಾಳೆ ಎಂದು ಹೊನ್ನಪ್ಪಯ್ಯ ಕೂಗಾಡಿದ. ಮಾಚವ್ವ ಸೆರಗಿನಡಿಯಿಂದ ಒಂದು ಚೊಂಬು ಕಟ್ಟೆಯ ನೀರು ತೆಗೆದು ಅದಕ್ಕೆ ಒಂದು ಚಿಟಿಕೆ ಚೌಳು ಹಾಕಿದಳು. ನೀರು ಕೆಂಪಾಯಿತು.

“ಸೀರೆ ಅಲ್ಲ ಬುದ್ಧಿ, ಅರಿಶಿನ. ನಮ್ ಕೇರೀಲಿ ಇನ್ನೂರು ಕೊಡ ಅರಿಶಿನ ಸುರಿಯೋರು ಯಾರವ್ರೆ?”

ಕೊಳಕು ತರಬೇಡ ಎಂದಿರಲಿಲ್ಲವೇ ಎಂದು ಅರಸ ಗದರಿದ.

“ತಂದಿಲ್ಲ ಪ್ರಭು, ಇದು ಪಾರುಪತ್ಯಗಾರರೇ ಪೂಜೆ ಮಾಡಿ ಬಿಟ್ಟ ನೀರು,” ಎಂದ ಸುಬ್ಬರಸ.

“ಒಂದು ದಿನದ ಅರಿಶಿನ, ಅದರಿಂದ ಏನಾಯಿತು?” ಎಂದ ಹೊನ್ನಪ್ಪಯ್ಯ.

“ಏನೂ ಆಗಲಿಲ್ಲ ಸ್ವಾಮಿ. ಇವತ್ತು ಬಣ್ಣ ಹಚ್ಚಿಕೊಂಡು ಬಂತು, ಕಂಡಿತು. ನಾಳೆಯಿಂದ ಬಣ್ಣ ಇಲ್ಲದೆ ಬರುತ್ತೆ. ಪಂಚೆ ಬೆಳ್ಳಗೇ ಇರುತ್ತೆ, ಪ್ರಭುಗಳು ಮಾತ್ರ ಮೇಲಿನ ಕೇರಿಯ ಬಚ್ಚಲನ್ನೇ ಉಟ್ಟುಕೊಂಡು ಕೂತಿರುತ್ತಾರೆ.”

ಅರಸ ಥಟ್ಟನೆ ಗಾದಿಯಿಂದ ಎದ್ದು ನಿಂತ. ಏಳುವುದಿಲ್ಲ ಎಂದವನು ಎದ್ದದ್ದು ನೆನಪಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಲುವೆ ಮುಚ್ಚಿ, ಹೊಸ ಚರಂಡಿಯೂ ಬಾಳೆತೋಟಕ್ಕೇ ತಿರುಗಲಿ ಎಂದ. ತನ್ನ ಕೈಯ ಕಡಗ ಬಿಚ್ಚಿ ಮಾಚವ್ವನಿಗೆ ಕೊಟ್ಟ. ಹನ್ನೊಂದು ಕೆಂಪು ಪಂಚೆ ಏನು ಮಾಡೋಣ ಎಂದು ಸುಬ್ಬರಸನನ್ನೇ ಕೇಳಿದ.

“ಪಾರುಪತ್ಯಗಾರರಿಗೆ ಕೊಡಿ ಪ್ರಭು. ದಿನಕ್ಕೊಂದು ಉಟ್ಟು, ಚರಂಡಿಯ ಉದ್ದಕ್ಕೂ ನಡೆದು ಹೊಸ ಪರಾಂಬರಿಕೆ ಬರೆಯಲಿ.”

“ಕೆಂಪೇ ಯಾಕಯ್ಯ?” ಎಂದು ಹೊನ್ನಪ್ಪಯ್ಯ ಅಳುಮೋರೆ ಮಾಡಿದ.

“ಈ ಸಲ ನಿಜವಾಗಿ ನಡೆದಿರಿ ಅಂತ ಕೆಳಗಿನ ಕೇರಿಯವರಿಗೂ ಕಾಣಬೇಕಲ್ಲ ಸ್ವಾಮಿ.”