ಎಬ್ಬಿಸಿ ಹೇಳಿ ಹೋಗವ್ವ

ಕೆಂಜಾಲಿ ಹಳ್ಳದ ದಂಡಿ ಮ್ಯಾಲ, ಮಾಳಿಗಿ ಅರ್ಧ ಬಿದ್ದ ಮಂಟಪದಾಗ ಹಗ್ಗದಜ್ಜಾರು ಇರತಿದ್ರು. ಪೀಠ ಇಲ್ಲ, ಪಲ್ಲಕ್ಕಿ ಇಲ್ಲ. ಮುಂದೊಂದು ಪುಂಡಿನಾರಿನ ಗುಂಪಿ, ಅಷ್ಟ ಅವರ ಆಸ್ತಿ. ಅವರು ನಾರು ಹೊಸಿಯೂವಾಗ ತುಟಿ ಅಲಗತಿದ್ದಿಲ್ಲ, ಆದ್ರ ಅಂಗೈಯಾಗಿನ ಎಳಿ ಎಳಿಯಿಂದ 'ಶಿವಾ ಶಿವಾ' ಅನ್ನೂ ದನಿ ಹಳ್ಳದ ಆಚೀ ದಂಡಿಗೆ ಕೇಳತಿತ್ತು. ಪಂಚಮಿ ಬಂತಂದ್ರ ಸುತ್ತೂರಿನ ಜೋಕಾಲಿಗೆಲ್ಲ ಅವರದ ಹಗ್ಗ. ಒಂದೂ ಹರಿದದ್ದಿಲ್ಲ. ಆನಿ ಕಟ್ಟಿದ್ರೂ ಹರೀತಿದ್ದಿಲ್ಲ. ಕಟ್ಟಾಕ ಊರಾಗ ಆನಿ ಇದ್ದಿಲ್ಲ, ಆ ಮಾತು ಬ್ಯಾರೆ.

ಅದ ಊರಾಗ ಗದಿಗೆಪ್ಪ ಅಂತ ಒಬ್ಬ ಪೈಲ್ವಾನ. ಗರಡಿಯಾಗ ತೊಡಿ ತಟ್ಟಿದನಂದ್ರ ಮೂರು ಊರಿನ ಕಾಗಿ ಗೂಡು ಬಿಟ್ಟು ಹಾರತಿದ್ದುವು. ಅಂಥಾವಗ ಒಂದ ಅಂಜಿಕಿ. ಹೆಂಡತಿ ಸೋಮವ್ವ ಕಣ್ಣಿಗೆ ಮರಿ ಆದ್ರ ಸಾಕು, ಎದಿ ಡವಡವ ಅಂತಿತ್ತು. ಆಕಿ ನೀರಿಗೆ ಹೊಂಟ್ರ ಬಾವಿ ತನಕ ಬೆನ್ನ ಹತ್ತಿ ಬರತಿದ್ದ. ಮಲಗೂವಾಗ ಆಕಿ ಸೆರಗಿನ ಚುಂಗು ತನ್ನ ಮುಂಗೈಗೆ ಗಂಟು ಹಾಕ್ಕೊಂಡು ಮಲಗತಿದ್ದ. ಅದೂ ಕೋಳಿನಿದ್ದಿ. "ಸೋಮವ್ವ, ಇವತ್ತ ಯಾರು ಯಾರನ್ನ ಮೇಯಿಸಾಕ ಹೊಡಕೊಂಡು ಬಂದೀರಿ?" ಅಂತ ಬಾವಿಕಟ್ಟಿಯಾಗ ಹೆಣ್ಣಮಕ್ಕಳು ಚಾಷ್ಟಿ ಮಾಡತಿದ್ರು. ಆಕಿ ನಕ್ಕು ಕೊಡ ಎತ್ತತಿದ್ಲು. ಆದ್ರ ಲಗ್ನ ಆದಾಗಿಂದ ಒಂದು ಪಂಚಮಿಗೂ ತವರುಮನಿ ಕಂಡಿದ್ದಿಲ್ಲ.

ಇದಕ್ಕೊಂದು ಹಿಂದಿನ ಕತಿ ಐತಿ. ಗದಿಗೆಪ್ಪ ಆಗಷ್ಟ ಹೆಜ್ಜಿ ಇಡಾಕ ಕಲ್ತಿದ್ದ. ಅವರ ಅವ್ವನ ತವರಾಗ ಕಾಲರಾ ಬಿದ್ದು, ಹಡದವ್ವ ಹಾಸಿಗಿ ಹಿಡಿದಾಳಂತ ಸುದ್ದಿ ಬಂತು. ಕೂಸಿನ್ನ ಅಂಥಾ ಊರಿಗೆ ಒಯ್ಯೂವಂಗಿಲ್ಲ, ಬಿಟ್ರ ಅಳತೈತಿ. ಸ್ವಾದರತ್ತಿ ಕಾಳವ್ವ ಅವನ್ನ ತೊಟ್ಟಿಲಕ್ಕ ಹಾಕಿ, ತೂಗಿ ಮಲಗಿಸಿ, ಅವ್ವನ್ನ ಹಿತ್ತಲ ಬಾಗಲದಿಂದ ಕಳಿಸಿದ್ಲು. ಹೋದಾಕಿ ಹೊಳ್ಳಿ ಬರಲಿಲ್ಲ. ಕೂಸು ಎದ್ದು ಮನಿ ತುಂಬ ಹುಡುಕಿತು. "ನನಗೇನೂ ನೆನಪಿಲ್ಲ" ಅಂತಿದ್ದ ಗದಿಗೆಪ್ಪ, ದೊಡ್ಡಂವ ಆದ ಮ್ಯಾಲ. ತಲಿ ಮರತಿತ್ತು. ಮುಂಗೈ ಮರತಿದ್ದಿಲ್ಲ.

ಆ ವರ್ಷ ಪಂಚಮಿಗೆ ಸೋಮವ್ವನ ತಮ್ಮ ಅಡಿವೆಪ್ಪ ಚಕ್ಕಡಿ ಹೂಡಿಕೊಂಡು ಬಂದ. ಅವರ ಅವ್ವಗ ಕಣ್ಣು ಹೋಗಿದ್ದುವು, ಮಗಳ ಮಾರಿ ಒಮ್ಮೆ ಕೈಲೆ ಮುಟ್ಟಿ ನೋಡತೇನಿ ಅಂತ ಹಟ ಹಿಡಿದಿದ್ಲು. ಗದಿಗೆಪ್ಪ ಬಾಗಲಕ್ಕ ಅಡ್ಡ ಕುಂತ. ಆಗ ಮುದುಕಿ ಕಾಳವ್ವ ಸೋಮವ್ವನ ಕಿವಿಯಾಗ ಉಪಾಯ ಹೇಳಿದ್ಲು. ಗಸಗಸಿ ಪಾಯಸ ಹೊಟ್ಟಿ ತುಂಬ ಕುಡಿಸು, ಕಣ್ಣು ಹತ್ತಿದ ಮ್ಯಾಲ ಸೆರಗು ಕತ್ತರಿಸಿ ಹಿತ್ತಲದಿಂದ ಹೋಗು, ಹಿಂದ ಗದಿಗೆಪ್ಪನ ಅವ್ವನ್ನೂ ನಾ ಹಿಂಗ ಕಳಿಸಿದ್ದೆ ಅಂತ.

ಸೋಮವ್ವ ಜೋಕಾಲಿ ಹಗ್ಗದ ನೆವ ಮಾಡಿ ಅಜ್ಜಾರ ಕಡೆ ಹೋಗಿ ಎಲ್ಲಾ ಹೇಳಿಕೊಂಡ್ಲು. ಗದಿಗೆಪ್ಪ ಅವತ್ತ ಬಾವಿ ತನಕ ಬಂದು ಅಲ್ಲೇ ನಿಂತಿದ್ದ, ಮಂಟಪದ ಕಡೆ ಕಣ್ಣು ಇಟ್ಟುಕೊಂಡು. ಅಜ್ಜಾರು ತಲಿ ಎತ್ತಲಿಲ್ಲ.

"ನಿದ್ದಿಯಾಗ ಬಿಟ್ಟು ಹೋಗಬ್ಯಾಡವ್ವ. ಎಬ್ಬಿಸಿ ಹೇಳಿ ಹೋಗು."

ಆಕಿ ಬಂದು ಗಂಡನ ಮುಂದ ಅಜ್ಜಾರು ಅಂದದ್ದನ್ನೂ, ಪಾಯಸದ ಮಾತನ್ನೂ ಬಿಡದ ಹೇಳಿದ್ಲು. ಗದಿಗೆಪ್ಪನ ಮೈಯಾಗ ಉರಿ ಎದ್ದಿತು. ದಬದಬ ಮಂಟಪಕ್ಕ ನುಗ್ಗಿದ. ಅವನ ಹೆಜ್ಜಿಗೆ ಉಳದರ್ಧ ಮಾಳಿಗಿಯಿಂದ ಎರಡು ಕಲ್ಲು ಉದುರಿದುವು. ಸನ್ಯಾಸಿಗಳಿಗೆ ಹೆಂಡತಿ ಅಂದ್ರೇನು, ಮನಿ ಅಂದ್ರೇನು ಗೊತ್ತು, ಹಗ್ಗ ಹೊಸಿಯೂದು ಬಿಟ್ಟು ನಮ್ಮ ಸಂಸಾರಕ್ಕ ಯಾಕ ಗಂಟು ಹಾಕತೀರಿ ಅಂತ ಅನಬಾರದ್ದೆಲ್ಲ ಅಂದ. ಅಜ್ಜಾರು ಎದ್ದು ಬಂದ್ರು. ಅವನ ಮುಂಗೈ ಹಿಡಿದು, ಸೆರಗು ಕಟ್ಟಿ ಕಟ್ಟಿ ಬಿದ್ದ ಬರಿ ಮ್ಯಾಲ ಬೆರಳಾಡಿಸಿದ್ರು.

"ಅವತ್ತು ನಿನ್ನ ಯಾರೂ ಎಬ್ಬಿಸಲಿಲ್ಲ. ಅಲ್ಲೇನು ಮಗನ?"

ಯಾವ ಪಟ್ಟಿಗೂ ಬೀಳದಂವ ಅಲ್ಲೇ ಮೊಣಕಾಲೂರಿದ. ಆ ಗಂಟಲದಿಂದ ಬಂದದ್ದು ಗಂಡಸಿನ ಅಳು ಅಲ್ಲ, ಹಾಲುಗಲ್ಲದ ಕೂಸಿನ ಅಳು. ಹಳ್ಳ ಹರಿಯೂದು ನಿಲ್ಲಿಸಿ ಕೇಳಿತು ಅಂತಾರ. ಮಂಟಪದ ಮುಂದಿನ ಹುಣಸಿ ಗಿಡಕ್ಕ ಖಾಲಿ ಜೋಕಾಲಿ ತೂಗಬಿದ್ದಿತ್ತು. ಅಜ್ಜಾರು ಅದಕ್ಕ ಒಂದ ಸಲ ಕೈ ಹಚ್ಚಿ ನೂಕಿದ್ರು.

"ಇದು ನಿಲ್ಲೂದರಾಗ ಬರತಾಳ. ನೀ ಹಿಡೀಬ್ಯಾಡ."

ಬೆನ್ನ ಹಿಂದನ ಬಂದಿದ್ದ ಸೋಮವ್ವ ಗಂಡನ ಎದುರಿಗೆ ಕುಂತು, ಅವನ ಮಾರಿ ನೋಡಿ, "ಹೋಗಿ ಬರತೇನ್ರಿ" ಅಂದ್ಲು. ಅಷ್ಟರಾಗ ಅವನ ಕೈ ಆಕಿ ಸೆರಗಿನ ಚುಂಗು ಮುಂಗೈಗೆ ಗಂಟು ಹಾಕಿತ್ತು, ಅಂವ ತಾನ ಆ ಗಂಟು ಬಿಚ್ಚಿದ. ಚಕ್ಕಡಿ ಹಾದಿ ತಿರುವಿನಾಗ ಮರಿ ಆಗೂ ತನಕ ನೋಡಿದ. ತನ್ನವರು ಹೋಗೂದನ್ನ ಕಣ್ಣಾರೆ ನೋಡಿದ್ದು ಜನ್ಮದಾಗ ಅದ ಮೊದಲು.

ಜೋಕಾಲಿ ತೂಗತಾನ ಇತ್ತು. ಗಾಳಿ ಇಲ್ಲ, ಹುಣಸಿ ಎಲಿ ಅಲಗವಲ್ಲದು, ಜೋಕಾಲಿ ನಿಲ್ಲವಲ್ಲದು. ಹೊತ್ತು ಮುಣುಗಿತು, ಮೂಡಿತು. ಜನ ತೆಂಗು, ಊದಿನಕಡ್ಡಿ ಹಿಡಕೊಂಡು ಬಂದು ಕೈ ಮುಗದು ದೂರ ನಿಂತ್ರು. ಜೋಕಾಲಿ ಅತ್ತ ಹೋದಾಗ ಗದಿಗೆಪ್ಪನ ಜೀವ ಅತ್ತ, ಇತ್ತ ಬಂದಾಗ ಇತ್ತ. ಒಮ್ಮೆ ತಾಳಲಾರದ ಹಗ್ಗಕ್ಕ ಕೈ ಚಾಚಿದ. ಹಿಡೀಬ್ಯಾಡ ಅಂದದ್ದು ನೆನಪಾಗಿ ಬೆಂಕಿ ಮುಟ್ಟಿದವರಂಗ ಕೈ ಹಿಂದಕ್ಕ ತಗೊಂಡ. ಅಜ್ಜಾರು ನಾರು ಹೊಸೀತಿದ್ರು. ನೋಡಕೋತ ನೋಡಕೋತ, ಅತ್ತ ಹೋದದ್ದು ಇತ್ತ ಬರೂದು ಅವನ ಉಸರಾಟದಾಗ ಕೂಡಿತು. ಪಂಚಮಿ ಕಳದು ಒಂದು ಮಧ್ಯಾಹ್ನ ಗದಿಗೆಪ್ಪ ಅಲ್ಲೇ ಉರುಳಿ ಗೊರಕಿ ಹೊಡದ. ಆ ಗೊರಕಿಗೆ ಹುಣಸಿಕಾಯಿ ಉದುರಿದುವು.

ಎಚ್ಚರ ಆದಾಗ ಕೈ ಮೊದಲು ಮುಂಗೈ ಮುಟ್ಟಿ ನೋಡಿತು. ಗಂಟಿಲ್ಲ. ಗಕ್ಕನ ಎದ್ದ.

ಜೋಕಾಲಿ ತೂಗತಿತ್ತು. ಅದರ ಮ್ಯಾಲ ಸೋಮವ್ವ ಕುಂತು, ತವರಿನ ಎಳ್ಳುಂಡಿ ಬಾಯಾಗ ತುಂಬಿಕೊಂಡಿದ್ಲು.

"ಯಾಕ ಎಬ್ಬಿಸಲಿಲ್ಲ?" ಅಂದ.

"ನೀವು ಹಿಂಗ ಮಲಗಿದ್ದು ನಾ ಯಾವತ್ತೂ ನೋಡಿದ್ದಿಲ್ರಿ. ನೋಡಕೋತ ಕುಂತೆ."

ಆಕಿ ಕೆಳಗಿಳಿದ ಮ್ಯಾಲನ ಜೋಕಾಲಿ ನಿಂತಿತು. ಗದಿಗೆಪ್ಪ ಅಜ್ಜಾರ ಪಾದದ ಮ್ಯಾಲ ಬಿದ್ದ. ಅಜ್ಜಾರು ಅವನ ತಲಿ ಮ್ಯಾಲ ಕೈ ಇಟ್ಟು ನಕ್ಕರು, ಅಷ್ಟ.

ಮುಂದ ಅವಗ ಮಗ ಹುಟ್ಟಿದ. ಗರಡಿಗೆ ಹೊಂಟಾಗೆಲ್ಲ ಗದಿಗೆಪ್ಪ ತೊಟ್ಟಿಲದಾಗ ಬಗ್ಗಿ, ಆ ರಾವಣನಂಥಾ ದನಿ ಇಳಿಸಿ, "ಎಪ್ಪಾ, ಹೋಗಿ ಬರತೇನಿ" ಅಂತ ಎಬ್ಬಿಸಿ ಹೇಳತಿದ್ದ. ಮಲಗಿದ ಕೂಸಿನ್ನ ಯಾವ ಮೂಳ ಎಬ್ಬಿಸತಾನು ಅಂತ ಕಾಳವ್ವ ದಿನಾ ಬೈಯೂವಾಕಿ. ಅಂವ ಬೈಸಿಕೊಂಡು, ಕೂಸು ಕಣ್ಣು ಬಿಟ್ಟು ತನ್ನ ನೋಡಿದ ಮ್ಯಾಲನ ಹೊಸ್ತಿಲ ದಾಟತಿದ್ದ.